ಅಪ್‌ಡೇಟ್: ಈಜುಕೊಳದ ಹಳೆಯ ಗ್ಯಾಸ್ ಹೀಟರ್ ದುರಸ್ತಿಯಾಯಿತು
ಪೈಲಟ್ ಜ್ವಾಲೆ (ಮುಖ್ಯ ಬರ್ನರ್ ಹೊತ್ತಿಸುವ ಸಣ್ಣ ಜ್ವಾಲೆ) ಇದ್ದರೂ ಮುಖ್ಯ ಬರ್ನರ್ ಏಕೆ ಹೊತ್ತಿಕೊಳ್ಳುತ್ತಿಲ್ಲವೆಂದು ಹಿಂದೆ ಇಲ್ಲಿ ಪ್ರಶ್ನೆ ಕೇಳಿದ್ದೆ. ನಮ್ಮದು ಗಾಳಿಗಿಂತ ಭಾರವಾದ ಪ್ರೊಪೇನ್ ಆದ್ದರಿಂದ, ವಾಲ್ವ್ ಮುಚ್ಚಿ, ಸಾಕಷ್ಟು ಹೊತ್ತು ಕಾದು, ನೆಲಮಟ್ಟದಲ್ಲಿಯೂ ವಾಸನೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ತಂತ್ರಜ್ಞರು ಪರೀಕ್ಷೆ ಆರಂಭಿಸಿದರು. ಪೈಲಟ್ ಜ್ವಾಲೆಯ ಶಾಖದಿಂದ ವಿದ್ಯುತ್ ಉತ್ಪಾದಿಸಿ ಮುಖ್ಯ ಗ್ಯಾಸ್ ವಾಲ್ವ್ ತೆರೆಯಿಸುವ ಭಾಗವಾದ ಥರ್ಮೋಪೈಲ್, ಸುಸ್ಥಿತಿಯಲ್ಲಿ ಸುಮಾರು 750 ಮಿಲಿವೋಲ್ಟ್ ನೀಡಬೇಕಾದದ್ದು, ಕೇವಲ 190 ನೀಡುತ್ತಿತ್ತು. ಅದನ್ನು ಬದಲಿಸಿದೊಡನೆ ಬರ್ನರ್ ಹೊತ್ತಿಕೊಂಡಿತು.

ಆದರೆ ನನ್ನನ್ನು ನಿಜವಾಗಿ ಕಳವಳಗೊಳಿಸಿದ್ದು ಆಗ ಕಂಡ ಹಳದಿ ಜ್ವಾಲೆ ಮತ್ತು ಹೀಟ್ ಎಕ್ಸ್‌ಚೇಂಜರ್‌ನಲ್ಲಿ (ಜ್ವಾಲೆಯ ಶಾಖವನ್ನು ನೀರಿಗೆ ದಾಟಿಸುವ ಭಾಗ) ದಟ್ಟವಾಗಿ ಕಟ್ಟಿದ್ದ ಮಸಿ. ಬರ್ನರ್ ಕೊಳವೆಯೊಳಗಿನ ಜೇಡರಬಲೆ ಗಾಳಿಯನ್ನು ತಡೆದಿದ್ದರಿಂದ ದಹನ ಅಪೂರ್ಣವಾಗಿತ್ತು. ಹಾಗೆ ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಎಲ್ಲವನ್ನೂ ಶುಚಿಗೊಳಿಸಿದ ನಂತರ ಜ್ವಾಲೆ ನೀಲಿಯಾಗಿದೆ. ನೀರು ಹರಿಯದಿದ್ದಾಗ ಹೀಟರ್ ಉರಿಯದಂತೆ ತಡೆಯುವ ನೀರಿನ ಒತ್ತಡದ ಸ್ವಿಚ್ಚನ್ನು ಪರೀಕ್ಷೆಗೆಂದೂ ಬೈಪಾಸ್ ಮಾಡಬೇಡಿರೆಂದು ನನ್ನ ಪ್ರಶ್ನೆಗೆ ಉತ್ತರಿಸುವಾಗ ಎಚ್ಚರಿಸಿದವರಿಗೆ ನಾನು ವಿಶೇಷವಾಗಿ ಋಣಿ.