ಜರ್ಮನಿ: ವೀಸಾ ಮುಗಿಯಲು ಐದು ವಾರ, ವಾಸದ ಪರವಾನಗಿ ಕಾರ್ಡ್‌ಗೆ ಇನ್ನೂ ಟರ್ಮಿನ್ (ಅಪಾಯಿಂಟ್‌ಮೆಂಟ್) ಸಿಕ್ಕಿಲ್ಲ. ಅನುಭವ ಇದ್ದವರು ಹೇಳಿ

ಮಳೆಹನಿ:
ನಮಸ್ಕಾರ. ನಾನು, ಯಜಮಾನರು, 7 ವರ್ಷದ ಮಗಳು. ಅವರದು ಬ್ಲೂ ಕಾರ್ಡ್ (ನುರಿತ ಕೆಲಸಗಾರರ ವಾಸದ ಪರವಾನಗಿ) ಕೆಲಸ. ಮೂವರ ಡಿ ವೀಸಾನೂ (ದೀರ್ಘ ವಾಸಕ್ಕೆ ಬರೋ ವೀಸಾ) ಇನ್ನು ಐದು ವಾರಕ್ಕೆ ಮುಗಿಯುತ್ತೆ. ಅನ್ಮೆಲ್ಡುಂಗ್ (ವಿಳಾಸದ ನೋಂದಣಿ) ಆಗಿದೆ, ಆದ್ರೆ ಈಗಿರೋದು ತಾತ್ಕಾಲಿಕ ಮನೆ. ಫಾರಿನರ್ಸ್ ಆಫೀಸಲ್ಲಿ ಟರ್ಮಿನ್ ಇಲ್ಲ. ಕಾಯೋದಾ, ಆನ್‌ಲೈನ್ ಅರ್ಜಿ ಹಾಕೋದಾ? ಡಿಸೆಂಬರಲ್ಲಿ ತಮ್ಮನ ಮದುವೆ, ಊರಿಗೆ ಹೋಗಲೇಬೇಕು.

ಹಳೇ ಟಿಕೆಟ್:
ಕಾಯ್ಬೇಡಿ ಮೇಡಂ. ಇವತ್ತೇ ಅರ್ಜಿ ಹಾಕಿ. ವೀಸಾ ಮುಗಿಯೋ ಮುಂಚೆ ಅರ್ಜಿ ಕಚೇರಿ ತಲುಪಿದ್ರೆ, ವಾಸದ ಕಾನೂನಿನ 81ನೇ ಕಲಂ 4ನೇ ಉಪಕಲಂ ಪ್ರಕಾರ ಹಳೇ ವೀಸಾ ಕೆಲಸದ ಹಕ್ಕಿನ ಸಮೇತ ಮುಂದುವರಿಯುತ್ತೆ, ತೀರ್ಮಾನ ಬರೋವರೆಗೂ. ಒಂದು ದಿನ ತಡ ಆದ್ರೂ ಅದು ತಾನಾಗೇ ಸಿಗಲ್ಲ. ಬರೀ ಟರ್ಮಿನ್ ಬುಕ್ ಮಾಡಿದ್ದನ್ನ ಅರ್ಜಿ ಅಂತ ನಂಬ್ಕೊಂಡು ಕೂರಬೇಡಿ, ಬಹಳ ಜನ ಎಡವೋದು ಅಲ್ಲೇ.

ಮೂವರಿಗೂ ಬೇರೆ ಬೇರೆ ಅರ್ಜಿ. ಯಜಮಾನರ ಫಾರ್ಮಲ್ಲಿ ಹೆಂಡತಿ ಮಗು ಹೆಸರು ಬರೆದ ಮಾತ್ರಕ್ಕೆ ನಿಮ್ಮ ಅರ್ಜಿ ಆಗಲ್ಲ. ಪಾಸ್‌ಪೋರ್ಟ್, ವೀಸಾ ಪುಟ, ಮೆಲ್ಡೆಬೆಶೈನಿಗುಂಗ್ (ವಿಳಾಸ ನೋಂದಣಿಯ ಪತ್ರ), ಕೆಲಸದ ಕರಾರು, ಬಂದಷ್ಟು ಸಂಬಳದ ಚೀಟಿ, ಇನ್ಶೂರೆನ್ಸ್ ಪತ್ರ, ಮದುವೆ ಮತ್ತು ಜನನ ಪ್ರಮಾಣಪತ್ರ, ಎಲ್ಲ ಪಿಡಿಎಫ್ ಮಾಡಿ. ಕೊನೇ ಪುಟದಲ್ಲಿ ಬರೋ ನಂಬರ್, ದಿನಾಂಕ ಎರಡೂ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೀರಿ. ನಿಮ್ಮೂರ ಕಚೇರಿಗೆ ಪೋರ್ಟಲ್ ಇಲ್ಲದಿದ್ರೆ ಸಹಿ ಹಾಕಿದ ಫಾರ್ಮನ್ನ ಐನ್‌ಶ್ರೈಬೆನ್ (ರಿಜಿಸ್ಟರ್ಡ್) ಪೋಸ್ಟಲ್ಲಿ ಕಳಿಸಿ, ಅದರ ಪ್ರತಿ ಮೇಲ್ ಮಾಡಿ. ಈ ದಾರಿ ಹಿಡಿದಿದ್ದಕ್ಕೆ ನನಗಿವತ್ತಿಗೂ ಹೆಮ್ಮೆ ಇದೆ.

ಲೆಕ್ಕದ ಪುಸ್ತಕ:
ದುಡ್ಡಿನ ವಿಷಯ ಯಾರೂ ಬಿಡಿಸಿ ಹೇಳಲ್ಲ, ನಾನು ಹೇಳ್ತೀನಿ. ಮೊದಲ ಕಾರ್ಡ್ ದೊಡ್ಡವರಿಗೆ 100 ಯೂರೋ, ಮಕ್ಕಳಿಗೆ ಅರ್ಧ. ನಿಮ್ಮ ಮೂವರಿಗೆ 250. 2025ರ ಮೇ 1ರಿಂದ ಫೋಟೋ ಡಿಜಿಟಲ್ಲೇ ಆಗಬೇಕು, ಕಾಗದದ ಫೋಟೋ ಹಿಡ್ಕೊಂಡು ಹೋದ್ರೆ ವಾಪಸ್. ಕಚೇರಿ ಮಷೀನಲ್ಲಿ ತೆಗೆಸಿದ್ರೆ ತಲಾ 6, ಮೂವರಿಗೆ 18. ಕಾರ್ಡ್ ಬರೋವರೆಗೆ ಫಿಕ್ಷನ್ಸ್‌ಬೆಶೈನಿಗುಂಗ್ (ಅರ್ಜಿ ತೀರ್ಮಾನ ಆಗೋವರೆಗಿನ ತಾತ್ಕಾಲಿಕ ಪತ್ರ, ‘ಫಿಕ್ಷನ್ ಪತ್ರ’) ಬೇಕಂದ್ರೆ ದೊಡ್ಡವರಿಗೆ 13, ಮಗುಗೆ 6.50. ಒಟ್ಟು 300 ಯೂರೋ 50 ಸೆಂಟ್.

ನಿಜವಾದ ಪೆಟ್ಟು ಬೀಳೋದು ಪಾಸ್‌ಪೋರ್ಟ್ ಕಡೆಯಿಂದ. ಕಾರ್ಡಿನ ಅವಧಿ ಪಾಸ್‌ಪೋರ್ಟ್ ಅವಧಿ ದಾಟಲ್ಲ. ನಮ್ಮ ದೇಶದಲ್ಲಿ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ. ಮಗಳದ್ದು ಒಂದೂವರೆ ವರ್ಷ ಉಳಿದಿದ್ರೆ ಕಾರ್ಡೂ ಅಷ್ಟೇ, ಅಪ್ಪನದ್ದು ನಾಲ್ಕು ವರ್ಷ ಇದ್ರೂ. ಪಾಸ್‌ಪೋರ್ಟ್ ಬದಲಾಗಿ ಕಾರ್ಡ್ ಮತ್ತೆ ಮಾಡಿಸಿದ್ರೆ ದೊಡ್ಡವರಿಗೆ 67 ಯೂರೋ. ಮೊದಲು ಪಾಸ್‌ಪೋರ್ಟ್ ರಿನ್ಯೂ ಮಾಡಿಸಿ, ಆಮೇಲೆ ಕಾರ್ಡ್.

ಹಳೇ ಟಿಕೆಟ್:
ಲೆಕ್ಕದ ಪುಸ್ತಕ ಅವರೇ, ದಯವಿಟ್ಟು ಹೀಗೆ ಹೇಳಬೇಡಿ. ಐದು ವಾರ ಕೈಯಲ್ಲಿಟ್ಕೊಂಡು ಪಾಸ್‌ಪೋರ್ಟ್ ಕಾನ್ಸುಲೇಟಿಗೆ ಕಳಿಸಿ ಕೂತ್ರೆ ವೀಸಾ ಮುಗಿದುಹೋಗುತ್ತೆ. ಹಳೇ ಪಾಸ್‌ಪೋರ್ಟಲ್ಲೇ ಅರ್ಜಿ ಹಾಕಿ, ಆಮೇಲೆ ರಿನ್ಯೂಗೆ ಕೊಡಿ, ಹೊಸದನ್ನ ಟರ್ಮಿನ್ ದಿನ ತೋರಿಸಿ. ಕಾರ್ಡ್ ಮುದ್ರಣಕ್ಕೆ ಬರ್ಲಿನ್ನಿನ ಸರ್ಕಾರಿ ಮುದ್ರಣಾಲಯ ಬುಂಡೆಸ್‌ಡ್ರುಕರೈಗೆ ಹೋಗೋದು ಬೆರಳಚ್ಚು ಕೊಟ್ಟ ಮೇಲೇ.

ಲೆಕ್ಕದ ಪುಸ್ತಕ:
ಟರ್ಮಿನ್ ಹತ್ತು ದಿನಕ್ಕೇ ಬಂದು, ಪಾಸ್‌ಪೋರ್ಟ್ ಕಾನ್ಸುಲೇಟಲ್ಲೇ ಸಿಕ್ಕಿಕೊಂಡಿದ್ರೆ? ಆ ಟರ್ಮಿನ್ ಹೋಯ್ತು, ಮತ್ತೆ ತಿಂಗಳುಗಟ್ಟಲೆ ಕಾಯಬೇಕು. 67 ಯೂರೋ ಎರಡು ಸಲ ಕಟ್ಟಿದವರ ಸಂಕಟ ನಿಮಗೆ ಗೊತ್ತಿಲ್ಲ.

ಹಳೇ ಟಿಕೆಟ್:
67 ಯೂರೋ ಹೋದ್ರೆ ದುಡಿದು ತರಬಹುದು. ವಾಸದ ಹಕ್ಕು ಹೋದ್ರೆ ಎಲ್ಲಿಂದ ತರ್ತೀರಿ?

ತುದಿಗಾಲು:
ಇಷ್ಟೆಲ್ಲ ತಲೆಬಿಸಿ ಯಾಕೆ? ಅರ್ಜಿ ತಲುಪಿದೆ ಅನ್ನೋ ಮೇಲ್ ಪ್ರಿಂಟ್ ತಗೊಂಡು ಊರಿಗೆ ಹೋಗಿಬನ್ನಿ. ಹಾಗೆ ಹೋಗಿಬಂದವರು ಇದ್ದಾರೆ.

ಗಡಿಕಲ್ಲು:
ತುದಿಗಾಲು, ಏಳು ವರ್ಷದ ಮಗು ಕರ್ಕೊಂಡು ಹೋಗೋರಿಗೆ ಕೊಡೋ ಸಲಹೆನಾ ಇದು? ವೀಸಾ ಮುಗಿದ ಮೇಲೆ ಬರೀ ಮೇಲ್ ತೋರಿಸಿದ್ರೆ ವಿಮಾನ ಕಂಪನಿಯವರು ಬೋರ್ಡಿಂಗ್ ಪಾಸ್ ನಿರಾಕರಿಸಬಹುದು. ಹೊಸ ವೀಸಾ ತಗೊಂಡೇ ಬರಬೇಕಾದ ಸ್ಥಿತಿ ಬರಬಹುದು.

ಮಳೆಹನಿ, ಫಿಕ್ಷನ್ ಪತ್ರ ಕೇಳಿ ತಗೊಳ್ಳಿ, ತಾವಾಗಿ ಕೊಡ್ತಾರೆ ಅಂತ ಕಾಯಬೇಡಿ. ಹೋಗೋ ದಿನಾಂಕ, ಟಿಕೆಟ್ ಪ್ರತಿ ಹಾಕಿ ಬರೀರಿ. ಕೈಗೆ ಬಂದ ತಕ್ಷಣ ಮೂರನೇ ಪುಟ ತೆಗೀರಿ. ಅಲ್ಲಿ ಮೂರು ಚೌಕ ಇರುತ್ತೆ, ಒಂದಕ್ಕೆ ಗುರುತು ಹಾಕಿರ್ತಾರೆ. ಮೂರನೇದಕ್ಕೆ, ಅಂದ್ರೆ ಹಳೇ ಪರವಾನಗಿ ಮುಂದುವರಿದಿದೆ ಅನ್ನೋದಕ್ಕೆ ಗುರುತಿದ್ರೆ ಮಾತ್ರ ಹೋಗಿ ವಾಪಸ್ ಬರಬಹುದು. ಮೊದಲನೇದು ವೀಸಾ ಬೇಡದ ದೇಶದವರು ಇಲ್ಲಿಗೆ ಬಂದಮೇಲೆ ಅರ್ಜಿ ಹಾಕಿದಾಗಿನದು, ಅದರಲ್ಲಿ ಹೊರಗೆ ಹೋದ್ರೆ ಮರಳೋ ಹಕ್ಕಿಲ್ಲ. ಗುಮಾಸ್ತರು ತಪ್ಪು ಚೌಕಕ್ಕೆ ಗುರುತು ಹಾಕೋದೂ ಉಂಟು, ಕೌಂಟರ್ ಬಿಟ್ಟು ಏಳೋ ಮುಂಚೆ ನೋಡಿ. ಪತ್ರದ ಕೊನೇ ದಿನಾಂಕ ನೀವು ವಾಪಸ್ ಬರೋ ದಿನಕ್ಕಿಂತ ಮುಂದೆ ಇರಬೇಕು. ಟಿಕೆಟ್ ನೇರ ಜರ್ಮನಿಗೇ ಮಾಡಿ, ಬೇರೆ ಷೆಂಗೆನ್ ದೇಶದಲ್ಲಿ ಇಳಿದು ಈ ಹಸಿರು ಫಿಕ್ಷನ್ ಪತ್ರ ವಿವರಿಸೋ ಪಾಡು ಬೇಡ.

ತುದಿಗಾಲು:
ಸರಿ, ಮಗುವಿನ ವಿಷಯ ಒಪ್ಕೊಂಡೆ. ಆದ್ರೆ ತಾತ್ಕಾಲಿಕ ಮನೆ ಅಂದ್ರಲ್ಲ, ಟರ್ಮಿನ್ ಬೇಗ ಸಿಗೋ ಊರಲ್ಲಿರೋ ಸ್ನೇಹಿತರ ವಿಳಾಸದಲ್ಲಿ ಅನ್ಮೆಲ್ಡುಂಗ್ ಮಾಡಿಸಿಬಿಡಿ.

ಬಾಡಿಗೆದಾರ:
ಇದನ್ನ ಓದಿ ಸುಮ್ಮನಿರಕ್ಕಾಗ್ತಿಲ್ಲ. ವಾಸ ಇಲ್ಲದ ಮನೆಗೆ ವೋನುಂಗ್ಸ್‌ಗೇಬರ್ ಪತ್ರ (ಇವರು ನಮ್ಮ ಮನೆಯಲ್ಲಿದ್ದಾರೆ ಅಂತ ಮನೆ ಕೊಟ್ಟವರು ಕೊಡೋ ದೃಢೀಕರಣ) ಬರೆದುಕೊಟ್ರೆ, ಕೊಟ್ಟ ಸ್ನೇಹಿತರಿಗೆ 50,000 ಯೂರೋವರೆಗೂ ದಂಡ ಹಾಕೋಕೆ ಕಾನೂನಿದೆ. ಸಹಾಯ ಮಾಡಿದವರ ತಲೆಗೆ ಕಟ್ಟೋದಾ? ಇನ್ನೊಂದು, ಊರು ಬದಲಾದ್ರೆ ಕಚೇರಿಯೂ ಬದಲಾಗುತ್ತೆ, ಹಳೇ ಕಚೇರಿಯಿಂದ ಫೈಲ್ ಹೊಸದಕ್ಕೆ ಹೋಗಬೇಕು, ಅದೇ ವಾರಗಟ್ಟಲೆ ನುಂಗುತ್ತೆ. ನಿಜವಾಗಿ ಮನೆ ಬದಲಿಸಿದ್ರೆ ಎರಡು ವಾರದೊಳಗೆ ಹೊಸ ಅನ್ಮೆಲ್ಡುಂಗ್ ಮಾಡಿಸಿ. ಕಾರ್ಡ್ ಬಂದಮೇಲೆ ಬದಲಾದ್ರೆ ವಿಳಾಸದ ಸ್ಟಿಕ್ಕರ್ ಅಂಟಿಸಿಕೊಡ್ತಾರೆ.

ತುದಿಗಾಲು:
ಮನೆ ಸಿಗದೆ ಒದ್ದಾಡೋರಿಗೆ ಬೇರೆ ದಾರಿ ತೋರಿಸಿ ಮತ್ತೆ. ಕಾನೂನು ಓದಿ ಹೇಳೋದು ಸುಲಭ.

ಬಾಡಿಗೆದಾರ:
ಇದೆ. ಒಳಬಾಡಿಗೆ ಮನೆಯಾದ್ರೆ ಮುಖ್ಯ ಬಾಡಿಗೆದಾರರೇ ಆ ಪತ್ರ ಕೊಡಬಹುದು, ಮಾಲೀಕರೇ ಬೇಕಂತಿಲ್ಲ. ಬಾಡಿಗೆ ಕರಾರು ಮಾತ್ರ ತೋರಿಸಿದ್ರೆ ನಡೆಯಲ್ಲ.

ಗಡಿಕಲ್ಲು:
ಕಾರ್ಡ್ ಕೈಗೆ ಬಂದ ದಿನದ ವಿಷಯ ಬಿಟ್ಟೇಹೋಯ್ತು. ಮಳೆಹನಿ, ನಿಮ್ಮ ಕಾರ್ಡಲ್ಲಿ ‘ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್ಲೌಬ್ಟ್’ ಅಂತಿರಬೇಕು, ಅದೇ ನಿಮಗೆ ಕೆಲಸದ ಅನುಮತಿ. ಫಿಕ್ಷನ್ ಪತ್ರದಲ್ಲೂ ಆ ಸಾಲು ಬರೆಸಿಕೊಳ್ಳಿ, ಇಲ್ಲದಿದ್ರೆ ಕೆಲಸ ಕೊಡೋರು ಹಿಂದೆಮುಂದೆ ನೋಡ್ತಾರೆ. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾಲಿ ಇದ್ರೆ, ಇನಿಷಿಯಲ್ ಮಾತ್ರ ಇದ್ರೆ, ಮುದ್ರಣಕ್ಕೆ ಮುಂಚೆ ಸಹಿಗೆ ಕೊಡೋ ಹಾಳೆಯಲ್ಲಿ ಒಂದೊಂದು ಅಕ್ಷರ ಓದಿ. ಮಗಳಿಗೆ 6 ದಾಟಿರೋದರಿಂದ ಬೆರಳಚ್ಚು ತಗೋತಾರೆ, ಅವಳೇ ಬರಬೇಕು. ಶಾಲೆಗೆ ರಜೆ ಹಾಕಿಸಿ.

ಮಳೆಹನಿ:
ಮೂರು ಅರ್ಜಿನೂ ಈಗಷ್ಟೇ ಹಾಕಿದ್ವಿ, ಸ್ಕ್ರೀನ್‌ಶಾಟ್ ಇದೆ. ಮಗಳ ಪಾಸ್‌ಪೋರ್ಟ್ ಇನ್ನೂ ಎರಡು ವರ್ಷ ಇದೆ, ಈಗ ಮುಟ್ಟಲ್ಲ.

ಲೆಕ್ಕದ ಪುಸ್ತಕ:
ಎರಡು ವರ್ಷ ಆದಮೇಲೆ ಮತ್ತೆ ದುಡ್ಡು ಕಟ್ಟಬೇಕಾಗುತ್ತೆ, ಈಗಲೇ ಬರೆದಿಟ್ಕೊಳ್ಳಿ.