ಆನೆ ಪ್ಯಾಂಟು, ಅಂಕೋರ್ ವಾಟು

ಹಾಸನದ ನಮ್ಮ ಮಾಮೂಲಿ ಹೋಟೆಲಿನ ಮೂಲೆ ಟೇಬಲ್ಲಿಗೆ ಸೀನ ಬಂದ. ಬೆನ್ನ ಮೇಲೆ ಅದೇ ಮೂಟೆಯಂಥ ಬ್ಯಾಗು. ಸೊಂಟದ ಕೆಳಗೆ ಮಾತ್ರ ಹೊಸದೇನೋ ಇತ್ತು: ನೀಲಿ ಬಟ್ಟೆ, ಅದರ ತುಂಬ ಬಿಳಿ ಆನೆಗಳು.

"ಯಾರ ಮನೆ ಬೆಡ್‌ಶೀಟೋ ಅದು?" ಅಂದ ಮಂಜ.

"ಪ್ಯಾಂಟ್ ಕಣೋ. ಕಾಂಬೋಡಿಯಾದ್ದು. ಅಲ್ಲಿನ ಹಳೇ ಗುಡಿ ಅಂಕೋರ್ ವಾಟ್‌ನ ಮೇಲಿನ ಅಂತಸ್ತಿಗೆ ಚಡ್ಡೀಲಿ ಹೋದ್ರೆ ಬಿಡಲ್ಲ. ಭುಜ, ಮಂಡಿ ಮುಚ್ಚಿರಬೇಕು. ವಾಪಸ್ ಬಂದು ಅಂಗಡೀಲಿ ತಗೊಂಡೆ."

"ಟಿಕೆಟ್ ಎಷ್ಟು?"

"ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ನಾನು ಮೂರು ದಿನದ್ದು ತಗೊಂಡೆ. ಅದರ ಮೇಲೆ ನನ್ನ ಫೋಟೋನೂ ಹಾಕ್ತಾರೆ."

"ಐದು ಸಾವಿರಕ್ಕೂ ಮೇಲಾಯ್ತು! ಫೋಟೋ ಆಧಾರ್‌ಗಿಂತ ಚೆನ್ನಾಗಿ ಬಂದಿದೆಯಾ?"

"ಅದಕ್ಕಿಂತ ಕೆಟ್ಟದಾಗಿ ತೆಗೆಯೋಕೆ ಯಾವ ದೇಶಕ್ಕೂ ಆಗಲ್ಲ ಬಿಡು."

ಊರಲ್ಲಿ ಎಂಟು ಗಂಟೆಗೆ ಮುಂಚೆ ಸೂರ್ಯನ ಮುಖ ನೋಡದ ಈ ಆಸಾಮಿ ಅಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಟುಕ್‌ಟುಕ್ ಹತ್ತಿದ್ದನಂತೆ. ನಮ್ಮ ಬಹುಪಾಲು ಗುಡಿಗಳ ಬಾಗಿಲು ಪೂರ್ವಕ್ಕಿದ್ರೆ ಅಂಕೋರ್ ವಾಟ್‌ನದು ಪಶ್ಚಿಮಕ್ಕೆ. ಹಾಗಾಗಿ ಎದುರಿನ ಕೊಳದ ದಂಡೆ ಮೇಲೆ ನಿಂತರೆ ಗೋಪುರಗಳ ಬೆನ್ನಿಂದ ಸೂರ್ಯ ಏಳ್ತಾನೆ.

"ಒಟ್ಟು ಐದು ಗೋಪುರ. ಸರಿಯಾಗಿ ಎದುರಿಗೆ ನಿಂತ್ರೆ ಮೂರೇ ಕಾಣೋದು, ಅವರ ಬಾವುಟದಲ್ಲಿದೆಯಲ್ಲ, ಹಾಗೆ."

"ಐದಕ್ಕೆ ದುಡ್ಡು ಕೊಟ್ಟು ಮೂರು ನೋಡ್ಕೊಂಡು ಬಂದ ಗಿರಾಕಿ," ಅಂದ ಮಂಜ. "ಮೂರೂ ಅಲ್ಲ ಕಣೋ, ನಂಗೆ ಕಂಡಿದ್ದು ಮುಂದಿದ್ದೋರ ಮೊಬೈಲು," ಅಂತ ಸೀನ ಒಪ್ಪಿಕೊಂಡ. ಇದು ಮಾತ್ರ ನಿಜ ಇರಬೇಕು.

"ಏನೇ ಹೇಳು, ಅದನ್ನ ಕಟ್ಟಿದ್ದು ನಮ್ಮೋರೇ," ಮಂಜ ಟೇಬಲ್ ಗುದ್ದಿದ. "ರಾಜನ ಹೆಸರು ಸೂರ್ಯವರ್ಮ. ದೇವರು ವಿಷ್ಣು. ಇನ್ನೇನು ಸಾಕ್ಷಿ ಬೇಕು?"

"ನನ್ನ ಹೆಸರು ಶ್ರೀನಿವಾಸ. ಹಾಗಂತ ನಾನೇನು ತಿರುಪತೀಲಿ ಹುಟ್ಟಿದ್ನಾ? ಕಟ್ಟಿದ್ದು ಅಲ್ಲಿನ ಖಮೇರ್ ಜನ ಕಣಯ್ಯ. ಕುಲೆನ್ ಬೆಟ್ಟದಿಂದ ಮರಳುಗಲ್ಲು ತಂದು, ಕಲ್ಲಿಗೆ ತೂತು ಕೊರೆದು ಎತ್ತಿ ಕೂರಿಸಿದ್ದಾರೆ. ಆ ತೂತು ಈಗಲೂ ಕಾಣ್ತವೆ. ಬೆವರು ಅವರದ್ದು, ಹೆಮ್ಮೆ ನಿಂದು?"

ಇಷ್ಟು ಹೊತ್ತು ವಡೆಯಲ್ಲಿ ಮುಳುಗಿದ್ದ ಮೇಷ್ಟ್ರು ತಲೆ ಎತ್ತಿದರು. "ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದಿದ್ದು 1113ರಲ್ಲಿ. ಇಲ್ಲಿ ವಿಷ್ಣುವರ್ಧನ ಬೇಲೂರಲ್ಲಿ ಚೆನ್ನಕೇಶವನ್ನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅವನಿಗೆ ಇವನ ಸುದ್ದಿ ಗೊತ್ತಿತ್ತು ಅನ್ನೋಕೆ ಆಧಾರ ಇಲ್ಲ ಮಂಜ. ಒಂದೇ ಕಾಲ, ಅಷ್ಟೆ. ನೀನು ಬೇಲೂರು ನೋಡಿ ಎಷ್ಟು ವರ್ಷ ಆಯ್ತು?"

ಮಂಜ ಎರಡನೇ ಸುತ್ತು ಕಾಫಿ ಹೇಳಿದ.

ಸೀನನಿಗೆ ಬಲ ಬಂತು. ಸಮುದ್ರಮಥನದ ಕೆತ್ತನೆಗೆ ಹೋದ. ಗೋಡೆ ಉದ್ದಕ್ಕೂ ಸುಮಾರು 49 ಮೀಟರ್, ವಾಸುಕಿಯ ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು.

"ದೇವತೆಗಳು ನಾಲ್ಕು ಜನ ಕಮ್ಮಿ ಯಾಕೆ?" ನಾನು ಕೇಳಿದೆ.

"ಬಾಲದ ಕಡೆ ಹಿಡಿದೋರಲ್ವಾ. ನಮ್ಮಾಫೀಸಲ್ಲೂ ಹಾಗೇ, ವಿಷ ಇಲ್ಲದ ಕಡೆ ಕೆಲಸಕ್ಕೆ ಜನ ಕಮ್ಮಿ ಇದ್ರೂ ನಡೆಯುತ್ತೆ," ಅಂದ ಮಂಜ.

ಇನ್ನು ಅಲ್ಲೇ ಹತ್ತಿರದ ಗುಡಿ ತಾ ಪ್ರೋಮ್. ಖಮೇರ್ ರಾಜ ಏಳನೇ ಜಯವರ್ಮ 1186ರಲ್ಲಿ ತಾಯಿಯ ಹೆಸರಲ್ಲಿ ಮಾಡಿಸಿದ್ದು. ಈಗ ಗೋಡೆಗಳ ಮೇಲೆ ಮರಗಳು ಕೂತಿವೆ. ಬೇರುಗಳು ಹೆಬ್ಬಾವಿನ ಹಾಗೆ ಬಾಗಿಲು ತಬ್ಬಿಕೊಂಡಿವೆ. ಕಡಿದರೆ ಕಲ್ಲು ಉದುರುತ್ತೆ, ಬಿಟ್ಟರೆ ಬೇರು ಕಲ್ಲನ್ನ ಸೀಳುತ್ತೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಆ ಫಜೀತಿಯ ಕೆಲಸಕ್ಕೆ ಕೈ ಹಾಕಿರೋದರಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯೂ ಇದೆ.

"ನೋಡಿದ್ರಾ, ನಮ್ಮೋರು!" ಅಂತ ಮಂಜ ಎದ್ದೇ ನಿಂತ. ಈ ಸಲ ಯಾರೂ ತಡೆಯಲಿಲ್ಲ. ಪಾಪ, ಬೆಳಗಿಂದ ಕಾದಿದ್ದ.

"ಅದೆಲ್ಲ ಇರ್ಲಿ, ನಂಗೆ ಮೈ ಜುಂ ಅಂದಿದ್ದು ಬಾಳೆಹಣ್ಣಿನ ಅಂಗಡೀಲಿ," ಸೀನ ಕುರ್ಚಿ ಮುಂದಕ್ಕೆ ಎಳೆದುಕೊಂಡ. "ಬೆಲೆ ಅವರ ಅಂಕಿಯಲ್ಲಿ ಬರೆದಿತ್ತು. ನಾನು ಓದಿಬಿಟ್ಟೆ! ಅವರ ಎರಡು ಹೆಚ್ಚುಕಮ್ಮಿ ನಮ್ಮ ೨, ಮೂರು ನಮ್ಮ ೩, ಸೊನ್ನೆ ಸೊನ್ನೇನೇ. ಎರಡು ಸಾವಿರ ರಿಯಲ್, ಅಂದ್ರೆ ಅರ್ಧ ಡಾಲರ್."

"ಅವರ ಬರಹ ಪಲ್ಲವ ಲಿಪಿಯಿಂದ, ನಮ್ದು ಕದಂಬ ಲಿಪಿಯಿಂದ ಬಂದಿದ್ದು. ಎರಡೂ ದಕ್ಷಿಣದ ಬ್ರಾಹ್ಮೀ ಕುಟುಂಬದ ಮಕ್ಕಳು ಕಣೋ, ದಾಯಾದಿಗಳು," ಅಂದರು ಮೇಷ್ಟ್ರು. ನನಗೆ ಮಾತ್ರ ಕಣ್ಣಿಗೆ ಕಟ್ಟಿದ್ದು, ಅಷ್ಟು ದೂರದ ಸಂತೆಯಲ್ಲಿ ಆನೆ ಪ್ಯಾಂಟು ಹಾಕಿಕೊಂಡು ಬಾಳೆಹಣ್ಣಿನ ಬೆಲೆ ಗಟ್ಟಿಯಾಗಿ ಓದುತ್ತ ನಿಂತ ಸೀನ.

"ಎಣಿಸೋದೂ ಮಜಾ. ಮುಯ್, ಪೀ, ಬೈ, ಬುವನ್, ಪ್ರಾಂ. ಐದಕ್ಕೆ ನಿಂತೋಯ್ತು. ಆರು ಅಂದ್ರೆ ಐದು-ಒಂದು, ಎಂಟು ಅಂದ್ರೆ ಐದು-ಮೂರು, ಪ್ರಾಂ-ಬೈ."

"ಬೈ ಅಂದ್ರೆ ಮೂರಾ? ಹಾಗಾದ್ರೆ ಅಲ್ಲಿ ಬೈ-ಟೂ ಕಾಫಿ ಕೇಳಿದ್ರೆ ಕಷ್ಟ ಕಣೋ!"

ನಕ್ಕು ಮುಗಿಯೋಷ್ಟರಲ್ಲಿ ಹುಡುಗ ಬಿಲ್ಲು ತಂದಿಟ್ಟ. ನಾಲ್ಕು ಜನ, ಎರಡು ಸುತ್ತು, ಎಂಟು ಕಾಫಿ. ಮಂಜ ಅದನ್ನ ಮೆಲ್ಲಗೆ ಸೀನನ ಮುಂದೆ ಜರುಗಿಸಿದ.

"ಪ್ರಾಂ-ಬೈ. ಪ್ರಾಂ ನಿಂದು. ಬೈನೂ ನಿಂದೇ."