ಹಳೇ ಕುದುರೆ ಟ್ರೇಲರ್, ಖಂಡಾಳ ಘಾಟ್ ಇಳಿಯಬೇಕು: ಬ್ರೇಕ್ ಬಗ್ಗೆ ತಿಳಿದವರು ಹೇಳಿ

ಮುಳಶಿ ಸವಾರ, ಪುಣೆ

ನಮಸ್ಕಾರ. ಇಲ್ಲಿ ಕುದುರೆ ಸಾಕಿದವರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ, ಆದರೂ ಕೇಳ್ತೀನಿ. ಬೇರೆ ಕಡೆ ಕೇಳಿದರೆ "ಟೆಂಪೋ ಮಾಡ್ಕೊಳ್ಳಿ" ಅನ್ನೋದೊಂದೇ ಉತ್ತರ.

ಮುಳಶಿ ಹತ್ತಿರ ನನ್ನದೊಂದು ಸಣ್ಣ ಸವಾರಿ ಶಾಲೆ ಇದೆ. ಎರಡು ಕುದುರೆ. ಒಂದು ಕಾಠಿಯಾವಾಡಿ ಹೆಣ್ಣು, ಸುಮಾರು 400 ಕೆಜಿ. ಇನ್ನೊಂದು ರೇಸ್‌ನಿಂದ ನಿವೃತ್ತಿಯಾದ ಥರೋಬ್ರೆಡ್, 500ರ ಹತ್ತಿರ. ಚಳಿಗಾಲಕ್ಕೆ ಎರಡನ್ನೂ ಅಲಿಬಾಗ್ ಕಡೆ ಗೆಳೆಯರ ತೋಟಕ್ಕೆ ಕರೆದುಕೊಂಡು ಹೋಗೋ ಯೋಚನೆ. ಇತ್ತೀಚೆಗೆ ಒಬ್ಬರು ಫಾರ್ಮ್ ಮುಚ್ಚುವಾಗ ಅವರ ಹಳೇ ಎರಡು ಕುದುರೆಯ ಟ್ರೇಲರ್ ತಗೊಂಡೆ. ವಿದೇಶಿ ಮಾದರಿ, ಒಂದೊಂದು ಬದಿಗೆ ಒತ್ತೊತ್ತಾಗಿ ಎರಡೆರಡು, ಒಟ್ಟು ನಾಲ್ಕು ಗಾಲಿ, ಖಾಲಿ ತೂಕ 900 ಕೆಜಿ ಅಂತ ಪ್ಲೇಟ್ ಮೇಲಿದೆ. ವರ್ಷಗಟ್ಟಲೆ ಮಾವಿನ ಮರದ ಕೆಳಗೆ ನಿಂತಿತ್ತು. ಎಳೆಯೋಕೆ ನನ್ನ ಹತ್ತಿರ ಪಿಕಪ್ ಇದೆ, ತೂಕ ಎರಡು ಟನ್ ಆಸುಪಾಸು.

ಟ್ರೇಲರ್ ಮೂತಿಯ ಹತ್ತಿರ ರಬ್ಬರಿನ ಸುಕ್ಕು ಕವಚ ಇದೆ, ಅದರ ಹಿಂದೆ ಒಂದು ಹ್ಯಾಂಡ್‌ಬ್ರೇಕ್, ಅದು ಕಚ್ಚಿಕೊಂಡಿದೆ. ಕರೆಂಟಿನ ಬ್ರೇಕ್ ವೈರ್ ಏನೂ ಕಾಣಲಿಲ್ಲ. ಇಲ್ಲಿನ ಮೆಕ್ಯಾನಿಕ್ "ಬಿಚ್ಚಿ ಎಸೀರಿ ಸರ್, ಕಬ್ಬಿನ ಟ್ರಾಲಿಗೆ ಬ್ರೇಕ್ ಇರುತ್ತಾ? ನಿಮ್ಮ ಗಾಡಿ ಬ್ರೇಕೇ ಸಾಕು" ಅಂದ. ಅವನ ಮಾತು ಒಪ್ಪೋಕೆ ಮನಸ್ಸಿಲ್ಲ, ಅಲ್ಲಗಳೆಯೋಕೆ ವಿದ್ಯೆ ಇಲ್ಲ. ದಾರಿ ಖಂಡಾಳ ಘಾಟ್ ಆಗಬೇಕೋ ತಾಮ್ಹಿಣಿ ಆಗಬೇಕೋ ಅದೂ ತೀರ್ಮಾನ ಆಗಿಲ್ಲ. ಮುಳಶಿಯಿಂದ ತಾಮ್ಹಿಣಿ ಹತ್ತಿರ.

ಡೊಂಬಿವಲಿ ರಾಯರು

ಟೆಂಪೋ ಅನ್ನೋದಿಲ್ಲ, ಸಿಟ್ಟಾಗ್ತೀರಿ. ಆದರೆ ಕಾಗದಪತ್ರ ನೋಡಿದ್ರಾ? 1988ರ ಮೋಟಾರು ವಾಹನ ಕಾಯಿದೆಯ ಲೆಕ್ಕದಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ಅದಕ್ಕೆ ಬೇರೆ ನೋಂದಣಿ ಬೇಕು. ಇಲ್ಲದೆ ಎಳೆದುಕೊಂಡು ಹೋಗಿ ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ಕೇಳೋದೇ ಅದು. ಬ್ರೇಕ್ ಆಮೇಲೆ.

ಮುಳಶಿ ಸವಾರ, ಪುಣೆ

ಆರ್‌ಸಿ ಇದೆ ರಾಯರೇ, ನನ್ನ ಹೆಸರಿಗೆ ವರ್ಗಾವಣೆ ನಡೀತಾ ಇದೆ. ಅದು ಕೈಗೆ ಬರೋ ತನಕ ಗೇಟು ದಾಟಿಸಲ್ಲ.

ಭೋಸರಿ ಗ್ಯಾರೇಜ್

ನಮಸ್ಕಾರ್ರಿ ಸರ. ನಾ ಮೂಲ ಜಮಖಂಡಿ ಕಡೆಯಾಂವ, ಭೋಸರಿಯೊಳಗ ಗ್ಯಾರೇಜ್ ಐತಿ. ಕುದುರಿ ಬಗ್ಗೆ ಕೇಳಬ್ಯಾಡ್ರಿ, ಒದೀತಾವ ಅನ್ನೂದಷ್ಟ ಗೊತ್ತು. ಟ್ರೇಲರ್ ಬಗ್ಗೆ ಹೇಳ್ತೀನಿ.

ಮೊದಲ ನಿಮ್ಮ ಮೆಕ್ಯಾನಿಕ್ ಮಾತು. ಕಬ್ಬಿನ ಟ್ರಾಲಿ ನೋಡಕೋತ ಬೆಳದಾಂವ ನಾ. ಹಿಂದ ಎರಡು ಟ್ರಾಲಿ ಹಚ್ಚಿ, ಜೋರಾಗಿ ಹಾಡು ಹಚ್ಚಿ, ಫ್ಯಾಕ್ಟರಿಗೆ ಹೊಂಟಿರ್ತಾವ. ಆ ಟ್ರ್ಯಾಕ್ಟರ್ ಎಷ್ಟು ಸ್ಪೀಡ್ ಹೋಗತೈತಿ? ಇಪ್ಪತ್ತು. ನೀವು ಅರವತ್ತರಾಗ ಹೋಗವ್ರು. ಸ್ಪೀಡ್ ಮೂರು ಪಟ್ಟಾದ್ರ ನಿಲ್ಲಸಾಕ ಬೇಕಾಗೂ ಶಕ್ತಿ ಒಂಬತ್ತು ಪಟ್ಟು. ಮತ್ತ ಜಮಖಂಡಿ ದಾರ್ಯಾಗ ಖಂಡಾಳ ಘಾಟ್ ಬರೂದಿಲ್ಲ. ಅಷ್ಟಾದ್ರೂ ಏರಿನ್ಯಾಗ ಟ್ರಾಲಿ ಹಿಂದ ಸರದು ಪಲ್ಟಿ ಆಗೂದು ನಮ್ಮೂರಾಗ ಹೊಸಾದಲ್ಲ.

ನಿಮ್ಮ ಲೆಕ್ಕಾ ನೋಡ್ರಿ. ಟ್ರೇಲರ್ 900, ಕುದುರಿ 900, ಒಟ್ಟ 1800 ಕೆಜಿ. ಯುರೋಪಿನ್ಯಾಗ 750 ಕೆಜಿ ದಾಟಿದ ಟ್ರೇಲರಿಗೆ ಅದರದ ಬ್ರೇಕ್ ಇರಬೇಕು ಅಂತ ಕಾಯ್ದೆ. ನಿಮ್ಮದು ಅದರ ಎರಡು ಪಟ್ಟಿಗಿಂತ ಹೆಚ್ಚು. ಗಾಡಿ ಮ್ಯಾನ್ಯುಯಲ್ ತಗದು ನೋಡ್ರಿ, ಎಳಿಯೂ ತೂಕ ಕೊಟ್ಟಿದ್ರ ಬ್ರೇಕ್ ಇದ್ದ ಟ್ರೇಲರಿಗೆ ಒಂದು, ಇಲ್ಲದ್ದಕ್ಕ ಒಂದು ಅಂತ ಎರಡು ಅಂಕಿ ಇರ್ತಾವ. ಎರಡನೇದು ಭಾಳ ಸಣ್ಣದು. ಬ್ರೇಕ್ ಬಿಚ್ಚಿ ಎಸದ್ರ ನೀವು ಆ ಸಣ್ಣ ಅಂಕಿಗೆ ಬಂದ್ರಿ.

ಆ ರಬ್ಬರ್ ಕವಚದ ಒಳಗ ಇರೂದ ನಿಮ್ಮ ಬ್ರೇಕು. ಓವರ್‌ರನ್ ಬ್ರೇಕ್ ಅಂತಾರ. ನೀವು ಗಾಡಿ ಬ್ರೇಕ್ ಒತ್ತಿದಾಗ ಟ್ರೇಲರ್ ಹಿಂದಿಂದ ದಬ್ಬತೈತಿ, ಮೂತಿಯೊಳಗಿನ ದಂಡ ಹಿಂದ ಸರೀತೈತಿ, ಅದು ಕೆಳಗಿನ ರಾಡ್ ಎಳೀತೈತಿ, ರಾಡ್ ಕೇಬಲ್ ಎಳೀತೈತಿ, ಗಾಲಿ ಡ್ರಮ್ಮಿನ್ಯಾಗ ಬ್ರೇಕ್ ಶೂ ಹಿಡೀತಾವ. ಕರೆಂಟ್ ಇಲ್ಲ, ಎಣ್ಣಿ ಇಲ್ಲ. ಎಷ್ಟು ದಬ್ಬತೈತೋ ಅಷ್ಟು ಹಿಡೀತೈತಿ. ಮಾಡಿದಾಂವ ಶ್ಯಾಣ್ಯಾ.

ಆದ್ರ ಘಾಟಿನ್ಯಾಗ ಇದರದೊಂದು ಗುಣ ತಿಳಕೋಬೇಕು. ಮಂದಿ ಏನಂತಾರ? "ಸಣ್ಣ ಗೇರಿಗೆ ಹಾಕ್ರಿ, ಬ್ರೇಕ್ ಮುಟ್ಟಬ್ಯಾಡ್ರಿ, ಬಿಸಿ ಆಗೂದಿಲ್ಲ." ಗಾಡಿ ಬ್ರೇಕಿಗೆ ಇದು ಖರೇ. ಟ್ರೇಲರಿಗೆ ಅಲ್ಲ. ಎಂಜಿನ್ ಗಾಡೀನ ತಡದ್ರ ಹಿಂದಿನ ಟ್ರೇಲರ್ ದಬ್ಬೇ ದಬ್ಬತೈತಿ, ದಬ್ಬಿದ್ರ ಅದರ ಬ್ರೇಕ್ ಹಿಡೀತೈತಿ. ನಿಮ್ಮ ಕಾಲು ಪೆಡಲ್ ಮ್ಯಾಲ ಇರಲಿ ಬಿಡಲಿ, ಇಳಿಜಾರು ಮುಗಿಯೂ ತನಕ ಅದು ಹಿಡಕೊಂಡ ಇರ್ತೈತಿ. ಲೋಣಾವಳದಿಂದ ಖೋಪೋಲಿಗೆ ಸುಮಾರು 500 ಮೀಟರ್ ಕೆಳಗ ಇಳೀತೀರಿ. ಅಷ್ಟು ಇಳಿಯೂದು ಅಂದ್ರ ತಾಸಿಗೆ 60ರ ಸ್ಪೀಡಿನಿಂದ ಮೂವತ್ತೈದು ಸಲ ಪೂರ್ತಿ ನಿಲ್ಲಿಸಿದಷ್ಟು ಶಾಖ. ಅದರಾಗ ಒಂದಿಷ್ಟು ಎಂಜಿನ್ ತಿಂತೈತಿ, ಒಂದಿಷ್ಟು ಗಾಳಿ. ಉಳದದ್ದು ಡ್ರಮ್ಮಿಗೆ. ಡ್ರಮ್ ಕಾದ್ರ ಹಿಗ್ಗತೈತಿ, ಶೂದಿಂದ ದೂರ ಸರೀತೈತಿ. ಶೂ ಮ್ಯಾಲಿನ ಲೈನಿಂಗ್ ಕಾದ್ರ ಹಿಡಿತ ಬಿಡತೈತಿ. ಆಮ್ಯಾಲ 1800 ಕೆಜಿ ನಿಮ್ಮ ಪಿಕಪ್ ಬೆನ್ನಿಗೆ.

ಹಂಗಾದ್ರ ಗೇರ್ ಬ್ಯಾಡೇನು? ಬೇಕ ಬೇಕು. ಒಟ್ಟು ಶಾಖ ಅಷ್ಟ ಇದ್ರೂ ನಿಧಾನ ಇಳದ್ರ ಅದು ಹೆಚ್ಚು ಹೊತ್ತಿನ್ಯಾಗ ಹಂಚಿ ಹೋಗತೈತಿ, ಡ್ರಮ್ ಆರಾಕ ಟೈಮ್ ಸಿಗತೈತಿ. ಇಳಿಯೂ ಮೊದಲ, ಮ್ಯಾಲಿದ್ದಾಗ, ಎರಡು ಇಲ್ಲಾ ಮೂರನೇ ಗೇರಿಗೆ ಹಾಕ್ರಿ. ಅರ್ಧಾ ಇಳದ ಮ್ಯಾಲ ಗೇರ್ ಹುಡುಕಾಕ ಹೋಗಬ್ಯಾಡ್ರಿ. ನ್ಯೂಟ್ರಲ್ ಅಂತೂ ಹೆಸರ ಎತ್ತಬ್ಯಾಡ್ರಿ. ಪುಣೆದಾಗ ಇರವ್ರಿಗೆ ನವಲೆ ಬ್ರಿಜ್ ಹೇಳಿಕೊಡಬೇಕಿಲ್ಲ. ಕಾತ್ರಜ್ ಹೊಸ ಸುರಂಗದಿಂದ ನವಲೆ ತನಕದ ಇಳಿಜಾರಿನ್ಯಾಗ ಡೀಸೆಲ್ ಉಳಸಾಕ ಲಾರಿ ನ್ಯೂಟ್ರಲ್ ಮಾಡ್ತಾರ, ಎಂಜಿನ್ ಬಂದ್ ಮಾಡ್ತಾರ. 2022ರ ನವೆಂಬರದಾಗ ಒಂದ ಲಾರಿಯಿಂದ ನಲವತ್ತಕ್ಕೂ ಹೆಚ್ಚು ಗಾಡಿ ನುಜ್ಜುಗುಜ್ಜಾದ್ವು. ಬೆಂಗಳೂರು ಬಸ್ಸಿಗೆ ಹೋಗವ್ರೆಲ್ಲಾ ಆ ಜಾಗಾ ದಾಟೇ ಹೋಗ್ತಾರ.

ತಾಮ್ಹಿಣಿ ಬ್ಯಾಡ್ರಿ. ಹತ್ತಿರ ಖರೇ, ತಿರುವು ಭಾಳ, ನಿಲ್ಲಾಕ ಜಾಗಾ ಕಡಿಮಿ. ಖಂಡಾಳ, ಖೋಪೋಲಿ, ಪೇಣ್ ಮಾಡ್ರಿ.

ಈಗ ಚೆಕ್ ಮಾಡೂದು. ಮೂತಿ ಹಿಡದು ಒಳಗ ದಬ್ಬಿ ನೋಡ್ರಿ. ಬಿಗಿಯಾಗಿ ಹೋಗಿ, ಬಿಟ್ಟ ಮ್ಯಾಲ ತಾನ ನಿಧಾನ ಹೊರಗ ಬರಬೇಕು. ಧಡ್ ಅಂತ ಹೋದ್ರ ಒಳಗಿನ, ಧಕ್ಕಿ ತಡಿಯೂ ಡ್ಯಾಂಪರ್ ಹೋಗೇತಿ, ಪ್ರತಿ ಬ್ರೇಕಿಗೂ ಕುದುರಿ ಮುಗ್ಗರಿಸ್ತಾವ. ಆಮ್ಯಾಲ ಒಂದೊಂದ ಗಾಲಿ ಜ್ಯಾಕ್ ಹಚ್ಚಿ ಎತ್ತಿ, ಹ್ಯಾಂಡ್‌ಬ್ರೇಕ್ ಎಳದು, ಮುಂದಕ್ಕ ತಿರುಗಿಸ್ರಿ. ನಾಲ್ಕೂ ಹಿಡೀಬೇಕು. ಮೂರು ಹಿಡದ್ರ ಸಾಕು ಅನ್ನಬ್ಯಾಡ್ರಿ. ಅಡ್ಜಸ್ಟ್ ಮಾಡುವಾಗ ಮೊದಲ ಡ್ರಮ್ ಒಳಗಿನ ಶೂ, ಆಮ್ಯಾಲ ರಾಡ್. ಶೂ ಸವದದ್ದು ಮುಚ್ಚಾಕ ರಾಡ್ ಬಿಗಿ ಮಾಡೂ ಚಾಳಿ ನಮ್ಮ ಲೈನಿನ್ಯಾಗ ಭಾಳ ಐತಿ, ಹಂಗ ಮಾಡೂ ಮಂದಿಗೆ ಗಾಡಿ ಕೊಡಬ್ಯಾಡ್ರಿ.

ಹ್ಯಾಂಡ್‌ಬ್ರೇಕಿಗೆ ಸಣ್ಣ ಉಕ್ಕಿನ ಕೇಬಲ್ ಇರಬೇಕು, ಬ್ರೇಕ್‌ಅವೇ ಅಂತಾರ. ಗಾಡಿ ಹಿಂದಿನ ಉಕ್ಕಿನ ಗುಂಡು, ಅಂದ್ರ ಬಾಲ್‌ದಿಂದ ಮೂತಿ ಕಳಚಿದ್ರ ಆ ಕೇಬಲ್ ಹ್ಯಾಂಡ್‌ಬ್ರೇಕ್ ಎಳದು, ಆಮ್ಯಾಲ ತಾನು ಹರೀತೈತಿ. ಟ್ರೇಲರ್ ಅಲ್ಲೇ ನಿಲ್ಲತೈತಿ. ಅದನ್ನ ಗಾಡಿಯ ಗಟ್ಟಿ ಜಾಗಾಕ್ಕ ಕಟ್ಟಬೇಕು, ಬಾಲ್ ಕುತ್ತಿಗಿಗೆ ಸುಮ್ಮ ಸುತ್ತಿದ್ರ ಜಾರಿ ಬರತೈತಿ.

ಟೈರ್ ದಪ್ಪ ಇದ್ರೂ ನಂಬಬ್ಯಾಡ್ರಿ. ಬದೀಲೆ ನಾಲ್ಕು ಅಂಕಿ ಇರ್ತಾವ, 2411 ಅಂದ್ರ 2011ರ 24ನೇ ವಾರದ್ದು. ಅಂಥಾದ್ದು ಇದ್ರ ಕಿತ್ತ ಹಾಕ್ರಿ.

ಮುಳಶಿ ಸವಾರ, ಪುಣೆ

ಇಷ್ಟು ವಿವರವಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ, ಧನ್ಯವಾದ. ನೀವು ಹೇಳಿದ ಹಾಗೆ ನೋಡಿದೆ. ಮೂತಿ ಸುಲಭವಾಗಿ ಒಳಗೆ ಹೋಗಿ ಅಲ್ಲೇ ಕೂತುಬಿಡ್ತು. ಎಡಗಡೆ ಎರಡೂ ಗಾಲಿ ಹಿಡಿಯುತ್ತೆ, ಬಲಗಡೆ ಹಿಂದಿನದು ಆರಾಮಾಗಿ ತಿರುಗುತ್ತೆ. ಬ್ರೇಕ್‌ಅವೇ ಕೇಬಲ್ಲೇ ಇಲ್ಲ. ಟೈರ್ 2009ರದ್ದು! ಇದನ್ನೆಲ್ಲ ತೆಗೆದು ಕರೆಂಟಿನ ಬ್ರೇಕ್ ಹಾಕಿಸಿದ್ರೆ ಹೇಗೆ?

ಮಾಪ್ಸಾ ಪಶುವೈದ್ಯೆ, ಗೋವಾ

ನಾನು ಕಾರವಾರದವಳು, ಇಲ್ಲಿ ಪಶುವೈದ್ಯೆ. ಬ್ರೇಕಿನ ಮಾತು ಭೋಸರಿಯವರಿಗೇ ಬಿಡ್ತೇನೆ. ಒಳಗೆ ನಿಂತವರ ಪರವಾಗಿ ನಾಲ್ಕು ಮಾತು.

ಕುದುರೆ ನಿಂತಾಗ ಮೈಭಾರದ ಸುಮಾರು 60 ಪ್ರತಿಶತ ಮುಂಗಾಲಿನ ಮೇಲಿರುತ್ತದೆ. ನೀವು ಬ್ರೇಕ್ ಒತ್ತಿದಾಗ ಇನ್ನಷ್ಟು ಮುಂದಕ್ಕೆ ಬೀಳುತ್ತದೆ, ಎದೆಯ ಅಡ್ಡಪಟ್ಟಿಗೆ ಹೋಗಿ ಬಡಿಯುತ್ತದೆ. ಮುಂದಿನ ತಿರುವು ನಿಮಗೆ ಕಾಣುತ್ತದೆ, ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಬ್ರೇಕ್ ತಿರುವಿನ ಮೊದಲೇ ಮುಗಿಯಬೇಕು, ತಿರುವಿನ ಒಳಗೆ ಅಲ್ಲ. ಗಾಬರಿಯಲ್ಲಿ ಒಮ್ಮೆ ಬಿದ್ದ ಕುದುರೆ ಮುಂದೆ ಟ್ರೇಲರ್ ಹತ್ತುವುದಕ್ಕೇ ಹಠ ಮಾಡುತ್ತದೆ. ಅದರ ಹಠ ಬಿಡಿಸುವುದು ನಿಮ್ಮ ಡ್ಯಾಂಪರ್ ರಿಪೇರಿಗಿಂತ ದುಬಾರಿ.

ಒಂದೇ ಕುದುರೆ ಒಯ್ಯುವುದಾದರೆ ಬಲಗಡೆ, ಅಂದರೆ ಡ್ರೈವರ್ ಬದಿಗೆ ನಿಲ್ಲಿಸಿ. ನಮ್ಮ ರಸ್ತೆ ಎಡ ಅಂಚಿಗೆ ಇಳಿಜಾರಾಗಿರುತ್ತದೆ, ಭಾರ ಎಡಕ್ಕಿದ್ದರೆ ಟ್ರೇಲರ್ ಆ ಕಡೆಯೇ ಎಳೆಯುತ್ತದೆ. ಎರಡೂ ಇದ್ದರೆ ಥರೋಬ್ರೆಡ್ ಬಲಕ್ಕೆ.

ಹಗ್ಗ ತೀರಾ ಗಿಡ್ಡ ಕಟ್ಟಬೇಡಿ. ತಲೆ ಮೇಲೆತ್ತಿಯೇ ಗಂಟೆಗಟ್ಟಲೆ ನಿಂತರೆ ಕಫ ಇಳಿಯುವುದಿಲ್ಲ, ಶ್ವಾಸಕೋಶದ ಸೋಂಕಿಗೆ ದಾರಿ. ಕೆಮ್ಮಿ, ತಲೆ ತಗ್ಗಿಸಿ, ಮೂಗು ಸೀನುವಷ್ಟು ಸಡಿಲ ಇರಲಿ. ಎಳೆದರೆ ಬಿಚ್ಚುವ ಗಂಟು ಹಾಕಿ. ನಿಮ್ಮ ಕುದುರೆ ನೋಡಿಕೊಳ್ಳುವವನು ಲಾರಿಯಲ್ಲಿ ಕುದುರೆ ಜೊತೆ ಕೂತು ರೂಢಿಯಾದವನಿದ್ದರೆ ಇಲ್ಲೂ ಒಳಗೆ ಹತ್ತುತ್ತೇನೆ ಅನ್ನಬಹುದು. ಬಿಡಲೇಬೇಡಿ, ಪಿಕಪ್‌ನಲ್ಲಿ ಕೂರಿಸಿ.

ಇನ್ನೊಂದು, ನೆಲದ ಹಲಗೆ. ಮರದ್ದಾಗಿದ್ದರೆ ರಬ್ಬರ್ ಹಾಸು ಪೂರ್ತಿ ಎತ್ತಿ, ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೂತ್ರ ಇಳಿದು ಕೆಳಗಿನಿಂದ ಕೊಳೆತಿರುತ್ತದೆ, ಮೇಲೆ ಗೊತ್ತಾಗುವುದಿಲ್ಲ. ಹೊರಡುವ ಮೊದಲು ಪ್ರಯಾಣಕ್ಕೆ ಯೋಗ್ಯ ಎಂಬ ವೈದ್ಯರ ಪ್ರಮಾಣಪತ್ರವೂ ಬೇಕು, 1978ರ ಪ್ರಾಣಿ ಸಾಗಣೆ ನಿಯಮದಲ್ಲಿ ಅದು ಕಡ್ಡಾಯ.

ಭೋಸರಿ ಗ್ಯಾರೇಜ್

ಮೇಡಂ ಹೇಳಿದ ಹಲಗಿ ಮಾತು ನನ್ನ ತಲಿಗೆ ಹೊಳದಿರಲಿಲ್ಲ. ಅದನ್ನ ಮೊದಲ ನೋಡ್ರಿ.

ಕರೆಂಟ್ ಬ್ರೇಕ್ ಚಲೋನ. ಗಾಡಿಯೊಳಗ ಕಂಟ್ರೋಲರ್ ಇರತೈತಿ, ಟ್ರೇಲರ್ ತೂಗಾಡಾಕ ಹತ್ತಿದ್ರ ಕೈಲೆ ಅದರ ಬ್ರೇಕ್ ಅಷ್ಟ ಹಿಡೀಬಹುದು. ಟ್ರೇಲರ್ ದಬ್ಬೂ ತನಕ ಕಾಯಬೇಕಿಲ್ಲ. ಆದ್ರ ಮ್ಯಾಗ್ನೆಟ್ ಇರೂ ಬ್ರೇಕ್, ಕಂಟ್ರೋಲರ್, ವೈರಿಂಗ್, ಬ್ರೇಕ್‌ಅವೇಕ್ಕ ಟ್ರೇಲರ್ ಮ್ಯಾಲ ಬೇರೆ ಬ್ಯಾಟರಿ, ಎಲ್ಲಾ ಹೊಸದಾಗಿ. ಕಂಟ್ರೋಲರ್‌ದಾಗೂ ಎರಡು ನಮೂನಿ. ಒಂದು ನೀವು ಎಷ್ಟು ಜೋರು ನಿಲ್ಲಸ್ತೀರೋ ಅಷ್ಟ ಟ್ರೇಲರಿಗೂ ಕೊಡತೈತಿ. ಇನ್ನೊಂದು ಅಗ್ಗದ್ದು, ಪೆಡಲ್ ಮುಟ್ಟಿದ ಕೂಡ್ಲೆ ಟೈಮರ್ ಲೆಕ್ಕದಾಗ ಏರಿಸಕೋತ ಹೋಗತೈತಿ. ಕುದುರಿಗೆ ಮೊದಲನೇದ ಬೇಕು. ವರ್ಷಕ್ಕೊಮ್ಮೆ ಅಲಿಬಾಗ್ ಹೋಗಾಕ ಅಷ್ಟು ಖರ್ಚು ನಾ ಮಾಡೂದಿಲ್ಲ. ಇದ್ದ ಓವರ್‌ರನ್ ರಿಪೇರಿ ಮಾಡ್ರಿ: ಡ್ಯಾಂಪರ್, ನಾಲ್ಕೂ ಗಾಲಿಗೆ ಶೂ ಮತ್ತ ಕೇಬಲ್, ಟೈರು.

ತೂಗಾಟ ಅಂದೆ ಅಲ್ಲ, ನಿಮ್ಮದ್ರಾಗ ಗಾಡಿಯೊಳಗಿಂದ ಟ್ರೇಲರ್ ಬ್ರೇಕ್ ಅಷ್ಟ ಹಿಡಿಯಾಕ ಬರೂದಿಲ್ಲ. ತೂಗಾಡಿದ್ರ ಆಕ್ಸಿಲರೇಟರ್ ಬಿಡ್ರಿ, ಸ್ಟೀರಿಂಗ್ ನೆಟ್ಟಗ ಹಿಡೀರಿ, ಜೋರಾಗಿ ಬ್ರೇಕ್ ಹೊಡೀಬ್ಯಾಡ್ರಿ. ತಾನ ಶಾಂತ ಆಗತೈತಿ. ಭಾರ ಹಿಂದಕ್ಕ ಬಿದ್ರ ತೂಗಾಟ ಸುರು ಅಂತ ತಿಳೀರಿ.

ರಿಪೇರಿ ಆದ ಮ್ಯಾಲ ಮೊದಲ ಸಲ ಕುದುರಿ ಬ್ಯಾಡ. ಹಿಂಡಿ ಚೀಲ, ಉಸುಕಿನ ಚೀಲ ಹಾಕಿ, ಕುದುರಿ ನಿಲ್ಲೂ ಜಾಗಾದಾಗ ಕಟ್ಟಿ, ಅಷ್ಟ ತೂಕ ಮಾಡಿ ಘಾಟ್ ಇಳದು ಬರ್ರಿ. ಖೋಪೋಲಿಯೊಳಗ ರಸ್ತಾ ಬಿಟ್ಟು ಪಕ್ಕಕ್ಕ ನಿಲ್ಲಿಸಿ ನಾಲ್ಕೂ ಡ್ರಮ್ ಹತ್ತಿರ ಕೈ ಒಯ್ದು ನೋಡ್ರಿ. ಮುಟ್ಟಬ್ಯಾಡ್ರಿ, ಸುಟ್ಟೀತು. ನಾಲ್ಕೂ ಒಂದ ನಮೂನಿ ಬಿಸಿ ಇರಬೇಕು. ಒಂದು ತಣ್ಣಗ ಇದ್ರ ಅದು ಕೆಲಸಾ ಮಾಡಿಲ್ಲ, ಉಳದ ಮೂರು ಅದರ ಪಾಲು ಹೊತ್ತಾವ.

ಡೊಂಬಿವಲಿ ರಾಯರು

ಅಲಿಬಾಗ್ ತಲುಪಿದ ಮೇಲೆ ಸಮುದ್ರದ ದಂಡೆಗೇ ಟ್ರೇಲರ್ ಇಳಿಸೋ ಆಸೆ ಬರುತ್ತೆ, ನೋಡ್ಕೊಳ್ಳಿ.

ಮುಳಶಿ ಸವಾರ, ಪುಣೆ

ಆ ಆಸೆ ಬಂದಾಗಿತ್ತು ರಾಯರೇ, ಈಗ ಬಿಟ್ಟೆ. ಹಲಗೆ ಚುಚ್ಚಿ ನೋಡಿದೆ ಮೇಡಂ, ಎಡಗಡೆ ಹಿಂದಿನ ಮೂಲೆಯಲ್ಲಿ ಸ್ಕ್ರೂಡ್ರೈವರ್ ಅರ್ಧ ಒಳಗೆ ಹೋಯ್ತು. ಪೂರ್ತಿ ನೆಲ ಬದಲಾಯಿಸ್ತಿದೀನಿ. ಈ ಚಳಿಗಾಲಕ್ಕೆ ಆಗೋ ಲಕ್ಷಣ ಇಲ್ಲ. ಭೋಸರಿಯವರೇ, ಖಾಲಿ ಟ್ರೇಲರನ್ನು ನಿಮ್ಮಲ್ಲಿಗೇ ತರಬಹುದಾ?

ಭೋಸರಿ ಗ್ಯಾರೇಜ್

ತರ್ರಿ, ಆದ್ರ ಎಳಕೊಂಡಲ್ಲ. 2009ರ ಟೈರ್ ಮ್ಯಾಲ ಬ್ಯಾಡ. ಕ್ರೇನಿನವರಿಗೆ ಹೇಳಿ ಫ್ಲ್ಯಾಟ್‌ಬೆಡ್ ಮ್ಯಾಲ ಹೇರಿಸಿ ಕಳಸ್ರಿ. ಡ್ರಮ್ ಬಿಚ್ಚಿದ ಮ್ಯಾಲ ಶೂ ಅಳತಿ ಫೋಟೋ ಹಾಕ್ತೀನಿ, ಸಿಗಲಿಲ್ಲ ಅಂದ್ರ ಹಳೇ ಶೂಕ್ಕ ಹೊಸ ಲೈನಿಂಗ್ ಹಚ್ಚಿಸೂಣು. ರವಿವಾರ ಗ್ಯಾರೇಜ್ ತಗದಿರತೈತಿ, ಸೋಮವಾರ ಬಂದ್.